ಮಂದ್ರದವರು: ಬೇಸ್ ಗಿಟಾರ್ ವಾದಕರ ಇತಿಹಾಸ

ಬೇಸ್ ಗಿಟಾರ್‌ನ ಅತಿ ದಪ್ಪ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಲ್ಲಿಂದ ಇನ್ನೊಂದು ಸ್ಥಾಯಿ ಕೆಳಗಿಳಿದರೆ ಮನುಷ್ಯನ ಕಿವಿಯ ಎಲ್ಲೆಯೇ ಮುಗಿಯುತ್ತದೆ. ಸಾಮಾನ್ಯ ಗಿಟಾರ್‌ನ ದಪ್ಪನೆಯ ನಾಲ್ಕು ತಂತಿಗಳನ್ನು ಒಂದು ಸ್ಥಾಯಿ ತಗ್ಗಿಸಿದರೆ ಈ ವಾದ್ಯದ ಶ್ರುತಿ ಬರುತ್ತದೆ. ಒಂದು ತಂತಿಯನ್ನು ಷಡ್ಜವೆಂದುಕೊಂಡರೆ ಪಕ್ಕದ್ದು ಅದರ ಶುದ್ಧ ಮಧ್ಯಮ. ಅದನ್ನೇ ಷಡ್ಜ ಮಾಡಿಕೊಂಡರೆ ಮುಂದಿನದು ಮತ್ತೆ ಮಧ್ಯಮ.

ಹಾಡಿನಲ್ಲಿ ಇದು ಮಾಡುವ ಕೆಲಸ ಎರಡು. ಡ್ರಮ್ ಜೊತೆ ಸೇರಿ ನಡೆ ಹಿಡಿಯುವುದು ಒಂದು. ಇನ್ನೊಂದು ಕೇಳುಗರ ಗಮನಕ್ಕೆ ಬರುವುದೇ ಕಡಿಮೆ. ಪಿಯಾನೊ ಸ, ಗ, ಪ ಮೂರನ್ನೂ ಒಟ್ಟಿಗೆ ಹಿಡಿದಿರುವಾಗ ಬೇಸ್ ಕೆಳಗೆ ಷಡ್ಜದಲ್ಲಿ ನಿಂತರೆ ಹಾಡು ನಗುತ್ತಿರುತ್ತದೆ. ಬೇಸ್ ಮಂದ್ರದ ಧೈವತಕ್ಕೆ ಇಳಿದರೆ, ಮೇಲಿನ ಮೂರು ಸ್ವರಗಳು ಕದಲದಿದ್ದರೂ, ಅದೇ ಹಾಡಿನ ಮುಖ ಬಾಡುತ್ತದೆ. ಗ್ರಹಭೇದ ಬಲ್ಲ ಕರ್ನಾಟಕ ಸಂಗೀತದ ಕೇಳುಗರಿಗೆ ಇದು ತೀರ ಹೊಸದೇನಲ್ಲ: ಆಧಾರ ಬದಲಾದರೆ ರಾಗವೇ ಬೇರೆ. ತಂಬೂರಿ ಕಛೇರಿ ಮುಗಿಯುವವರೆಗೂ ಒಂದೇ ಆಧಾರ ಕೊಡುತ್ತದೆ. ಬೇಸ್ ಎಂದರೆ ಆವರ್ತಕ್ಕೊಂದು ಸಲ ಆಧಾರ ಬದಲಿಸುವ ತಂಬೂರಿ. ಇಷ್ಟು ಅಧಿಕಾರ ಕೈಯಲ್ಲಿದ್ದರೂ ಅದನ್ನು ನುಡಿಸಿದವರ ಹೆಸರು ಜನರಿಗೆ ತಿಳಿಯಲು ದಶಕಗಳೇ ಹಿಡಿದವು.

ಹೆಸರಿನ ಮಾತು ಹಾಗಿರಲಿ, ಮೊದಮೊದಲು ನಾದವೇ ಕೇಳಿಸುತ್ತಿರಲಿಲ್ಲ. 1925ರವರೆಗೆ ಗ್ರಾಮಫೋನ್ ತಟ್ಟೆಗಳ ಧ್ವನಿಮುದ್ರಣಕ್ಕೆ ವಿದ್ಯುತ್ತಿನ ಸಂಪರ್ಕವೇ ಇರಲಿಲ್ಲ. ವಾದ್ಯಗಾರರು ದೊಡ್ಡ ಕಹಳೆಯೊಂದರ ಬಾಯಿಗೆ ಮುಖಮಾಡಿ ನುಡಿಸಬೇಕು, ಆ ಗಾಳಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೀರು ಕೊರೆಯಬೇಕು. ಆಳು ಎತ್ತರದ ಡಬಲ್ ಬೇಸ್‌ನ ಮೆತ್ತನೆಯ ಗುಮುಗುಮು ಆ ಕಹಳೆಯೊಳಗೆ ಹೊಗುತ್ತಿರಲಿಲ್ಲ. ಆದ್ದರಿಂದ ಆ ಕಾಲದ ಜಾಝ್ ತಟ್ಟೆಗಳಲ್ಲಿ ಮಂದ್ರದ ಕೆಲಸವನ್ನು ಹೆಚ್ಚಾಗಿ ಹಿತ್ತಾಳೆಯ ಟ್ಯೂಬಾ ಮಾಡುತ್ತಿತ್ತು. 1925ರಲ್ಲಿ ಮೈಕ್ರೊಫೋನ್ ಬಳಸುವ ವಿದ್ಯುತ್ ಧ್ವನಿಮುದ್ರಣ ಬಂತು. ಕೆಲವೇ ವರ್ಷಗಳಲ್ಲಿ ಟ್ಯೂಬಾ ಹಿಂದೆ ಸರಿದು ಡಬಲ್ ಬೇಸ್ ಮುಂದೆ ಬಂತು. ಯಂತ್ರಕ್ಕೆ ಏನು ಕೇಳಿಸುತ್ತದೋ ಅದನ್ನು ನುಡಿಸುವವನಿಗೆ ಕೆಲಸ. ಈ ವೃತ್ತಿಯ ಮುಂದಿನ ತಿರುವುಗಳೆಲ್ಲ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ ಬಂದವು.

ಸ್ಟುಡಿಯೋದಲ್ಲಿ ಕೇಳಿಸಿತೆಂದು ವೇದಿಕೆಯಲ್ಲಿ ಕೇಳಿಸಬೇಕಲ್ಲ. ತುತ್ತೂರಿ, ಸ್ಯಾಕ್ಸೊಫೋನ್, ಡ್ರಮ್‌ಗಳ ಗದ್ದಲದಲ್ಲಿ ಡಬಲ್ ಬೇಸ್ ಮುಳುಗುತ್ತಿತ್ತು. ಊರಿಂದೂರಿಗೆ ಹೋಗುವ ತಂಡಗಳಿಗೆ ಅದನ್ನು ಸಾಗಿಸುವುದೇ ಒಂದು ಶಿಕ್ಷೆ. ಕಾರಿನ ಮೇಲೆ ಕಟ್ಟಿದ ವಾದ್ಯ ಮಳೆಗೆ ನೆನೆಯಬೇಕು, ಬಿಸಿಲಿಗೆ ಬಿರಿಯಬೇಕು. ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ 1930ರ ದಶಕದ ನಡುವಿನಲ್ಲೇ ಗಿಟಾರ್‌ನಂತೆ ಅಡ್ಡ ಹಿಡಿದು ನುಡಿಸುವ ವಿದ್ಯುತ್ ಬೇಸ್ ಒಂದನ್ನು ಮಾಡಿ ಆಡಿಯೊವಾಕ್ಸ್ ಎಂಬ ಹೆಸರಿನಲ್ಲಿ ಮಾರಲು ನೋಡಿದರು. ಹೆಚ್ಚು ಜನ ಕೊಳ್ಳಲಿಲ್ಲ.

1951ರಲ್ಲಿ ಅದೇ ಆಲೋಚನೆಗೆ ಮಾರುಕಟ್ಟೆ ಸಿಕ್ಕಿತು. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿಯಿಂದ ಶುರುಮಾಡಿ ಗಿಟಾರ್ ಕಾರ್ಖಾನೆ ಕಟ್ಟಿದ್ದ ಲಿಯೊ ಫೆಂಡರ್ ಆ ವರ್ಷ 'ಪ್ರಿಸಿಷನ್ ಬೇಸ್' ಹೊರತಂದರು. ಫೆಂಡರ್‌ಗೆ ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎನ್ನುವುದು ಈ ಕಥೆಯ ಸ್ವಾರಸ್ಯ. ನುಡಿಸಬಲ್ಲವರು ಹೇಳಿದ ತಾಪತ್ರಯಗಳನ್ನು ಕೇಳಿಸಿಕೊಂಡು ರಿಪೇರಿಗಾರನ ತಲೆಯಿಂದ ಉತ್ತರ ಹುಡುಕಿದರು. ಡಬಲ್ ಬೇಸ್‌ಗೆ ಪಿಟೀಲಿನಂತೆ ಮೆಟ್ಟಿಲುಗಳಿಲ್ಲ. ಬೆರಳು ಕೂದಲೆಳೆಯಷ್ಟು ಜಾರಿದರೂ ಅಪಸ್ವರ. ಫೆಂಡರ್ ತಮ್ಮ ವಾದ್ಯದ ಕುತ್ತಿಗೆಗೆ 20 ಲೋಹದ ಮೆಟ್ಟಿಲು ಜೋಡಿಸಿದರು, ವೀಣೆಗೆ ಇರುವಂತೆ. ಕರಾರುವಾಕ್ಕಾಗಿ ಸ್ವರ ಹೊರಡುತ್ತದೆ ಎಂಬ ಅರ್ಥದಲ್ಲೇ ಆ ಹೆಸರು. ಕಂಪಿಸುವ ತಂತಿಯ ಉದ್ದ 34 ಅಂಗುಲ. ಇಂದಿಗೂ ಹೆಚ್ಚಿನ ಬೇಸ್ ಗಿಟಾರ್‌ಗಳ ಅಳತೆ ಅದೇ. ಮರುವರ್ಷ ಇದಕ್ಕೆಂದೇ 'ಬೇಸ್‌ಮನ್' ಆಂಪ್ಲಿಫೈಯರ್ ಬಂತು.

ಜಾಝ್‌ನ ಹಿರಿಯರು ಇದನ್ನು ವಾದ್ಯವೆಂದು ಒಪ್ಪಿಕೊಳ್ಳಲಿಲ್ಲ. ಲಯನೆಲ್ ಹ್ಯಾಂಪ್ಟನ್ ತಂಡದ ಮಂಕ್ ಮಾಂಟ್‌ಗೊಮರಿ 1950ರ ದಶಕದ ಆರಂಭದಲ್ಲೇ ಫೆಂಡರ್ ಬೇಸ್ ಹಿಡಿದು ಊರೂರು ಸುತ್ತಿ, 1953ರಲ್ಲಿ ಅದರಲ್ಲೇ ರೆಕಾರ್ಡಿಂಗ್ ಮಾಡಿದರೂ ಅನುಮಾನ ಕರಗಲಿಲ್ಲ. ಹೊಸ ವಾದ್ಯಕ್ಕೆ ಬಂದವರಲ್ಲಿ ಬಹುಪಾಲು ಗಿಟಾರ್ ನುಡಿಸುವವರು. ತಂಡದಲ್ಲಿ ಗಿಟಾರ್‌ಗಾರರು ಹೆಚ್ಚಾದಾಗ ಯಾರಾದರೂ ಒಬ್ಬರು ಬೇಸ್‌ಗೆ ಇಳಿಯಬೇಕಾಗುತ್ತಿತ್ತು, ಹಾಗೆ ಇಳಿದವನನ್ನು ಉಳಿದವರು ಕೊಂಚ ಕನಿಕರದಿಂದಲೇ ನೋಡುತ್ತಿದ್ದರು. ಈ ಕನಿಕರ ಇನ್ನೂ ಪೂರ್ತಿ ಹೋಗಿಲ್ಲ.

ಹೊಸ ವಾದ್ಯಕ್ಕೆ ಅದರದೇ ಭಾಷೆ ಕೊಟ್ಟದ್ದು ಡೆಟ್ರಾಯಿಟ್ ನಗರದ ಒಂದು ನೆಲಮಾಳಿಗೆ. ಬೆರ್ರಿ ಗಾರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಶುರುಮಾಡಿದ ಮೋಟೌನ್ ಕಂಪನಿ, ವೆಸ್ಟ್ ಗ್ರಾಂಡ್ ಬುಲೆವಾರ್ಡ್ ರಸ್ತೆಯ ಮನೆಯೊಂದರಲ್ಲಿ ಸ್ಟುಡಿಯೋ ನಡೆಸುತ್ತಿತ್ತು. ಮೆಟ್ಟಿಲಿಳಿದು ಹೋಗಬೇಕಾದ ಆ ಕೋಣೆಗೆ ವಾದ್ಯಗಾರರು ಇಟ್ಟ ಹೆಸರು 'ಹಾವಿನ ಗುಂಡಿ'. ನೆಲದ ತುಂಬ, ಚಾವಣಿಯ ತುಂಬ ಜೋಲುವ ವಯರುಗಳೇ ಹಾವು. ಹಗಲು ರಾತ್ರಿ ಎನ್ನದೆ ಕೆಲಸ. ಅಲ್ಲಿ ಕೂತು ನುಡಿಸುತ್ತಿದ್ದ ಹತ್ತು ಹನ್ನೆರಡು ಮಂದಿಯ ಗುಂಪು ತನ್ನನ್ನು ಫಂಕ್ ಬ್ರದರ್ಸ್ ಎಂದು ಕರೆದುಕೊಳ್ಳುತ್ತಿತ್ತು. ಆರಂಭದಲ್ಲಿ ಹಾಡೊಂದಕ್ಕೆ 10 ಡಾಲರಿನಂತೆ ಕೂಲಿ ಸಿಗುತ್ತಿತ್ತೆಂದು ಅವರಲ್ಲಿ ಕೆಲವರು ನೆನೆದಿದ್ದಾರೆ. ತಟ್ಟೆಯ ಮೇಲೆ ಅವರ ಹೆಸರಿಲ್ಲ.

ಆ ಗುಂಪಿನ ಬೇಸ್ ವಾದಕ ಜೇಮ್ಸ್ ಜೇಮರ್ಸನ್. ಹುಟ್ಟಿದ್ದು 1936ರಲ್ಲಿ ದಕ್ಷಿಣ ಕರೊಲಿನಾದ ಎಡಿಸ್ಟೊ ದ್ವೀಪದಲ್ಲಿ. ತಾಯಿಯ ಜೊತೆ ಡೆಟ್ರಾಯಿಟ್‌ಗೆ ಬಂದು, ಶಾಲೆಯಲ್ಲಿ ಡಬಲ್ ಬೇಸ್ ಕಲಿತು, ರಾತ್ರಿ ಜಾಝ್ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದರು. ಮೋಟೌನ್‌ಗೆ ಬಂದ ಮೇಲೆ ಕೈಗೆ ಬಂದದ್ದು 1962ರ ಫೆಂಡರ್ ಪ್ರಿಸಿಷನ್. ಅದಕ್ಕೆ ಅವರು 'ಫಂಕ್ ಮೆಷೀನ್' ಎಂದು ಹೆಸರಿಟ್ಟಿದ್ದರು.

ಆ ವಾದ್ಯವನ್ನು ಬೇರೆಯವರು ಹಿಡಿದರೆ ಬೆರಳು ನೋಯುತ್ತಿತ್ತಂತೆ. ತಂತಿಗಳು ಮೆಟ್ಟಿಲಿನಿಂದ ಬಲು ಎತ್ತರದಲ್ಲಿ, ಡಬಲ್ ಬೇಸ್‌ನಲ್ಲಿ ಇರುವ ಹಾಗೆ. ತಂತಿಯ ಸುತ್ತಲಿನ ಸುರುಳಿ ದುಂಡಾಗಿರದೆ ಚಪ್ಪಟೆ. ಹಾಗಾಗಿ ಝಣಝಣ ಸದ್ದಿಲ್ಲ, ಹೊಡೆತ ಮಾತ್ರ. ಜೇಮರ್ಸನ್ ತಂತಿ ಬದಲಿಸುತ್ತಲೇ ಇರಲಿಲ್ಲ, ತುಂಡಾದರಷ್ಟೇ ಹೊಸದು. ಕೈಕೊಳೆ, ಬೆವರು ಕುಡಿದು ಹಳೆಯದಾದ ತಂತಿಯ ಮೊಂಡು ನಾದವೇ ಅವರಿಗೆ ಬೇಕಿತ್ತು. ವಾದ್ಯದ ಕುದುರೆಯ (ಬ್ರಿಜ್) ಮುಚ್ಚಳದ ಕೆಳಗೆ ಸ್ಪಂಜಿನ ತುಂಡು. ಇನ್ನು ಬಲಗೈ: ಬೇಸ್ ವಾದಕರು ಸಾಮಾನ್ಯವಾಗಿ ಎರಡು ಬೆರಳನ್ನು ನಡೆಸುತ್ತಾರೆ, ಜೇಮರ್ಸನ್ ಬಳಸುತ್ತಿದ್ದದ್ದು ತೋರುಬೆರಳೊಂದನ್ನೇ. ಕೊಕ್ಕೆಯಂತೆ ಬಾಗಿದ ಆ ಬೆರಳಿಗೇ 'ಹುಕ್' ಎಂದು ಅಡ್ಡಹೆಸರು. 'ಬರ್ನಡೆಟ್' ಎಂಬ 1967ರ ಹಾಡಿನ ಎಡೆಬಿಡದ ಓಟವನ್ನು ಒಂದೇ ಬೆರಳು ನುಡಿಸಿದೆ ಎಂದರೆ ನುಡಿಸಿ ನೋಡಿದವರಿಗೆ ನಂಬಿಕೆ ಬರುವುದು ಕಷ್ಟ.

ಅವರ ಮುಂದೆ ಸ್ಟ್ಯಾಂಡಿನ ಮೇಲೆ ಇರುತ್ತಿದ್ದದ್ದು ಬಹಳ ಸಲ ಸ್ವರಮೇಳಗಳ ಹೆಸರು ಬರೆದ ಒಂದು ಹಾಳೆ. ಅದುವರೆಗೆ ಪಾಪ್ ಹಾಡಿನ ಬೇಸ್ ಎಂದರೆ ಷಡ್ಜ, ಪಂಚಮ, ಮತ್ತೆ ಷಡ್ಜ. ಜೇಮರ್ಸನ್ ಆ ಎರಡು ಸ್ವರಗಳ ನಡುವಿನ ದಾರಿಯನ್ನೇ ಸಂಗೀತ ಮಾಡಿದರು. ಒಂದು ಆಧಾರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಅನ್ಯಸ್ವರಗಳನ್ನು ಮೆಟ್ಟುತ್ತ, ತಾಳದ ಪೆಟ್ಟಿಗೆ ಅರೆಮಾತ್ರೆ ಮೊದಲೇ ಬಂದು ಇಲ್ಲವೇ ತಡವಾಗಿ ಬಂದು, ಕೊನೆಗೆ ಸರಿಯಾದ ಜಾಗದಲ್ಲಿ ಕಾಲೂರುವುದು. ಒಳ್ಳೆಯ ಮೃದಂಗಗಾರ ಸಮ ತಪ್ಪಿಸಿದಂತೆ ಮಾಡಿ ಸಮಕ್ಕೆ ಬರುವ ಚಮತ್ಕಾರ ಬಲ್ಲವರಿಗೆ ಈ ಸುಖ ಬೇಗ ಹತ್ತುತ್ತದೆ. ಹಾಡುವವರಿಗೆ ಇದು ಅಡ್ಡಬರಲಿಲ್ಲ ಎನ್ನುವುದೇ ಅವರ ಹೆಚ್ಚುಗಾರಿಕೆ.

ಅದನ್ನು ಹಿಡಿದಿಟ್ಟ ವಿಧಾನವೂ ಹೊಸದು. ಮೋಟೌನ್ ಎಂಜಿನಿಯರುಗಳು ಬೇಸ್‌ನ ಆಂಪ್ಲಿಫೈಯರ್ ಮುಂದೆ ಮೈಕ್ ಇಡುವ ಬದಲು ಗಿಟಾರ್‌ನ ವಯರನ್ನು ನೇರವಾಗಿ ಮಿಕ್ಸಿಂಗ್ ಮೇಜಿಗೆ ಕೊಟ್ಟರು. ಕೋಣೆಯ ಗದ್ದಲ ಬೆರೆಯದೆ ತಂತಿಯ ನಾದವಷ್ಟೇ ಟೇಪಿಗೆ ಇಳಿಯಿತು. ಡೆಟ್ರಾಯಿಟ್ ಕಾರುಗಳ ಊರು. ಹಾಡು ಕಾರಿನ ರೇಡಿಯೊದಲ್ಲಿ ಹೇಗೆ ಕೇಳಿಸುತ್ತದೆಂದು ನೋಡಲು ಕಂಪನಿ ಸಣ್ಣ ಸ್ಪೀಕರಿನಲ್ಲಿ ಹಾಕಿ ಪರೀಕ್ಷಿಸುತ್ತಿತ್ತು. ಅಂಗೈಯಗಲದ ಸ್ಪೀಕರ್ 41 ಕಂಪನಗಳ ನಾದವನ್ನು ಹೊರಡಿಸಲಾರದು. ಆದರೆ ಅದೇ ತಂತಿಯಿಂದ ಹುಟ್ಟುವ 82, 123 ಕಂಪನಗಳ ಉಪನಾದಗಳು ಹೊರಬಂದರೆ ಸಾಕು, ಇಲ್ಲದ ಮೂಲನಾದವನ್ನು ಮಿದುಳೇ ತುಂಬಿಕೊಳ್ಳುತ್ತದೆ. ಬೇಸ್ ಎಂಬುದು ಒಂದು ಪಾಲು ಕೇಳುಗನ ತಲೆಯಲ್ಲೇ ಹುಟ್ಟುವ ನಾದ. ಹೋಟೆಲಿನ ಟ್ರಾನ್ಸಿಸ್ಟರಿನಲ್ಲೂ ಅದು ಬದುಕಿ ಉಳಿದದ್ದು ಹೀಗೆ.

ಕಂಪನಿಗೆ ಗೊತ್ತಾಗದಂತೆ ಹೊರಗಿನ ಕೆಲಸಕ್ಕೆ ಹೋಗುವುದೂ ನಡೆದಿತ್ತು. ಜಾಕಿ ವಿಲ್ಸನ್ 1967ರಲ್ಲಿ ಶಿಕಾಗೋದಲ್ಲಿ ಹಾಡಿದ 'ಹೈಯರ್ ಅಂಡ್ ಹೈಯರ್'ನ ಬೇಸ್ ಜೇಮರ್ಸನ್ ಅವರದೇ. ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಹಾಡಿಗೆ ಕ್ಲಬ್ಬೊಂದರಿಂದ ಅವರನ್ನು ಎಳೆದುತಂದರೆಂದೂ, ಕುಡಿದಿದ್ದ ಅವರು ಕೂರಲಾಗದೆ ನೆಲದ ಮೇಲೆ ಅಂಗಾತ ಮಲಗಿ ನುಡಿಸಿದರೆಂದೂ ಬೇಸ್ ವಾದಕರು ಸೇರಿದಲ್ಲೆಲ್ಲ ಹೇಳುವ ಕಥೆಯಿದೆ. ಕಥೆ ಏನೇ ಇರಲಿ, 1971ರಲ್ಲಿ ಅದೇ ಹೆಸರಿನ ಆಲ್ಬಮ್ ಬಂದಾಗ ಹೊದಿಕೆಯ ಮೇಲೆ ಜೇಮರ್ಸನ್ ಹೆಸರು ಅಚ್ಚಾಯಿತು. ಮೋಟೌನ್‌ನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ನುಡಿಸಿದ ಮೇಲೆ ಸಿಕ್ಕ ಮೊದಲ ಮನ್ನಣೆ ಅದು. ಆ ಆಲ್ಬಮ್‌ನ ಕೆಲವು ಹಾಡುಗಳಿಗೆ ಬೇಸ್ ನುಡಿಸಿದವರು ಬಾಬ್ ಬ್ಯಾಬಿಟ್. ಯಾವುದು ಯಾರದು ಎಂದು ಕಿವಿಯಿಂದಲೇ ಹೇಳುವುದು ಈ ವೃತ್ತಿಯವರಿಗೆ ಒಂದು ಪಂದ್ಯ.

1972ರಲ್ಲಿ ಮೋಟೌನ್ ಲಾಸ್ ಏಂಜಲೀಸ್‌ಗೆ ಹೋಯಿತು. ಜೇಮರ್ಸನ್ ಹಿಂದೆಯೇ ಹೋದರು, ಆದರೆ ಅಲ್ಲಿನ ನಿರ್ಮಾಪಕರಿಗೆ ಹೊಸ ತಂತಿಯ ಮಿರುಗು ನಾದ ಬೇಕಿತ್ತು, ಕೀಬೋರ್ಡಿನಲ್ಲೇ ಬೇಸ್ ನುಡಿಸುವ ರೂಢಿಯೂ ಶುರುವಾಗಿತ್ತು. ಕುಡಿತ ಹೆಚ್ಚಿತು, ಕರೆಗಳು ಕಡಿಮೆಯಾದವು. 1983ರ ಮಾರ್ಚ್‌ನಲ್ಲಿ ಮೋಟೌನ್‌ನ 25ನೇ ವರ್ಷದ ದೊಡ್ಡ ಟೆಲಿವಿಷನ್ ಸಮಾರಂಭ ನಡೆಯಿತು. ಮೈಕೆಲ್ ಜಾಕ್ಸನ್ 'ಮೂನ್‌ವಾಕ್' ತೋರಿಸಿದ್ದು ಅದೇ ವೇದಿಕೆಯ ಮೇಲೆ. ಜೇಮರ್ಸನ್ ಟಿಕೆಟ್ ಕೊಂಡು ಪ್ರೇಕ್ಷಕರ ನಡುವೆ ಕೂತಿದ್ದರು. ಅದೇ ವರ್ಷದ ಆಗಸ್ಟ್ 2ರಂದು, 47ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ನುಡಿಕೆಯನ್ನು ಸ್ವರಲಿಪಿಗೆ ಇಳಿಸಿದ ಅಲನ್ ಸ್ಲಟ್ಸ್‌ಕಿ ಅವರ ಪುಸ್ತಕ 1989ರಲ್ಲಿ ಬಂತು. ಅದರ ಹೆಸರಿನಲ್ಲೇ ಸಾಕ್ಷ್ಯಚಿತ್ರ 2002ರಲ್ಲಿ. ನಡುವೆ 2000ದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಪಕ್ಕವಾದ್ಯದವರಿಗೆಂದು ಹೊಸ ವಿಭಾಗ ತೆರೆದಾಗ ಮೊದಲ ಪಟ್ಟಿಯಲ್ಲೇ ಅವರ ಹೆಸರಿತ್ತು.

ಲಾಸ್ ಏಂಜಲೀಸ್‌ನ ಪದ್ಧತಿ ಬೇರೆ. ಅಲ್ಲಿ ಒಂದೇ ಕಂಪನಿಯ ಗುಂಪಿಲ್ಲ. ಸಂಗೀತಗಾರರ ಸಂಘದ ನಿಯಮದಂತೆ ಮೂರು ಗಂಟೆಯ ಸೆಷನ್, ದಿನಕ್ಕೆ ಎರಡೋ ಮೂರೋ ಸ್ಟುಡಿಯೋ, ಬೆಳಿಗ್ಗೆ ಜಾಹೀರಾತಾದರೆ ಸಂಜೆ ಸಿನಿಮಾ. ಸ್ವರಲಿಪಿ ನೋಡಿದ ಕೂಡಲೇ ನುಡಿಸಬೇಕು. ಇಂಥವರಲ್ಲಿ ಮುಂಚೂಣಿಯ ಹೆಸರು ಕ್ಯಾರಲ್ ಕೇ. 1935ರಲ್ಲಿ ಹುಟ್ಟಿದ ಅವರು ಮೂಲತಃ ಜಾಝ್ ಗಿಟಾರ್‌ನವರು. 1963ರಲ್ಲಿ ಕ್ಯಾಪಿಟಲ್ ಸ್ಟುಡಿಯೋಕ್ಕೆ ಬರಬೇಕಿದ್ದ ಬೇಸ್ ವಾದಕ ಬರಲಿಲ್ಲ. ಆ ದಿನ ಬೇಸ್ ಹಿಡಿದವರು ಆಮೇಲೆ ಅದನ್ನು ಬಿಡಲಿಲ್ಲ. ಅವರು ಭಾಗವಹಿಸಿದ ರೆಕಾರ್ಡಿಂಗ್‌ಗಳು ಸುಮಾರು 10,000 ಎಂಬ ಅಂದಾಜಿದೆ. ಬೆರಳಿನ ಬದಲು ಗಟ್ಟಿ ಪಿಕ್, ತಂತಿಗೆ ಒತ್ತಿಕೊಂಡ ಉಣ್ಣೆಬಟ್ಟೆಯ ತುಂಡು. ಹೀಗೆ ಹುಟ್ಟುವ ಟಕ್ ಎನ್ನುವ ಚೊಕ್ಕ ಪೆಟ್ಟು ರೇಡಿಯೊದಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಬೀಚ್ ಬಾಯ್ಸ್ ತಂಡದ 1966ರ 'ಪೆಟ್ ಸೌಂಡ್ಸ್' ಆಲ್ಬಮ್‌ನಲ್ಲಿ ಕೇಳಿಸುವುದು ಇದು. ಆ ಸಂಗೀತ ಕಟ್ಟಿದ ಬ್ರಯನ್ ವಿಲ್ಸನ್ ಸ್ವತಃ ಬೇಸ್ ವಾದಕ. ಬೇಸ್ ಷಡ್ಜಕ್ಕೆ ಬರಬೇಕಾದ ಜಾಗದಲ್ಲೆಲ್ಲ ಗಾಂಧಾರಕ್ಕೋ ಪಂಚಮಕ್ಕೋ ಕೂರಿಸಿ ಹಾಡನ್ನು ನೆಲ ಮುಟ್ಟದಂತೆ ತೇಲಿಸಿದ್ದು ಅವರ ಜಾಣ್ಮೆ.

ಕೇ 1969ರಲ್ಲಿ ಬೇಸ್ ಕಲಿಸುವ ಪುಸ್ತಕ ಬರೆದು ತಾವೇ ಪ್ರಕಟಿಸಿದರು. ಹೆಸರು ಅಚ್ಚಾಗದ ಕಾಲದ ದುಷ್ಪರಿಣಾಮವೊಂದು ಅವರಿಗೂ ಅಂಟಿಕೊಂಡಿದೆ. ಮೋಟೌನ್ ಲಾಸ್ ಏಂಜಲೀಸ್‌ನಲ್ಲೂ ಧ್ವನಿಮುದ್ರಣ ಮಾಡಿಸುತ್ತಿತ್ತು; ಸ್ಟೀವಿ ವಂಡರ್ ಅವರ 'ಐ ವಾಸ್ ಮೇಡ್ ಟು ಲವ್ ಹರ್' ಸೇರಿದಂತೆ ಕೆಲವು ಹಾಡುಗಳಲ್ಲಿ ನುಡಿಸಿದ್ದು ತಾವು ಎಂದು ಕೇ ಹೇಳುತ್ತ ಬಂದರು, ಜೇಮರ್ಸನ್ ಪರದವರು ಒಪ್ಪಲಿಲ್ಲ. ಹೊದಿಕೆಯ ಮೇಲೆ ಎರಡು ಸಾಲು ಮುದ್ರಿಸಿದ್ದರೆ ಜಗಳವೇ ಇರುತ್ತಿರಲಿಲ್ಲ. ಆ ಊರಿನ ಸ್ಟುಡಿಯೋ ಗುಂಪಿಗೆ 'ರೆಕಿಂಗ್ ಕ್ರೂ' ಎಂಬ ಹೆಸರನ್ನು ಡ್ರಮ್ ವಾದಕ ಹಾಲ್ ಬ್ಲೇನ್ ಜನಪ್ರಿಯ ಮಾಡಿದ್ದು ಕೇ ಅವರಿಗೆ ಹಿಡಿಸಲಿಲ್ಲ. 2025ರಲ್ಲಿ ಹಾಲ್ ಆಫ್ ಫೇಮ್ ತಮ್ಮನ್ನು ಆರಿಸಿದಾಗ, 90ನೇ ವಯಸ್ಸಿನಲ್ಲಿ, ಬೇಡವೆಂದರು.

ಲಂಡನ್ನಿನ ಕಥೆಯಲ್ಲಿ ವಾದಕ ಹೆಸರಿಲ್ಲದವನಲ್ಲ. ಆದರೂ ಆರಂಭ ಅದೇ ರೀತಿ: ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ಬೀಟಲ್ಸ್ ಬಿಟ್ಟಾಗ ಬೇಸ್ ಯಾರಿಗೂ ಬೇಡದ ಕೂಸು, ಪಾಲ್ ಮೆಕಾರ್ಟ್ನಿ ಮಡಿಲಿಗೆ ಬಿತ್ತು. 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡಿಗೆ ಪಿಟೀಲಿನ ಆಕಾರದ ಹಾಫ್ನರ್ ಕೊಂಡರು. ಎಡಗೈ ವಾದಕನಿಗೆ ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣದ ಆಕಾರ ಅದು. ಅಮೆರಿಕದ ತಟ್ಟೆಗಳಲ್ಲಿ ಗುಡುಗುವ ಬೇಸ್ ತಮ್ಮ ತಟ್ಟೆಗಳಲ್ಲಿ ಯಾಕಿಲ್ಲ ಎಂಬುದು ಅವರ ತಕರಾರು. ಕಾರಣ ತಟ್ಟೆ ಕೊರೆಯುವವರ ಭಯ: ಮಂದ್ರ ಹೆಚ್ಚಾದರೆ ಗೀರು ಅಗಲವಾಗಿ ಕೊಂಕುತ್ತದೆ, ಅಗ್ಗದ ಪ್ಲೇಯರುಗಳಲ್ಲಿ ಸೂಜಿ ಹಾರುತ್ತದೆ. 1966ರ ಏಪ್ರಿಲ್‌ನಲ್ಲಿ 'ಪೇಪರ್‌ಬ್ಯಾಕ್ ರೈಟರ್' ಧ್ವನಿಮುದ್ರಣಕ್ಕೆ ಎಂಜಿನಿಯರುಗಳು ಒಂದು ಉಪಾಯ ಮಾಡಿದರು. ಬೇಸ್ ಆಂಪ್ಲಿಫೈಯರ್‌ನ ಎದುರು ಮೈಕ್ ಬದಲು ಇನ್ನೊಂದು ದೊಡ್ಡ ಸ್ಪೀಕರನ್ನೇ ಇಟ್ಟು, ಅದನ್ನು ಮೈಕ್‌ನಂತೆ ಬಳಸಿದರು. ಸ್ಪೀಕರಿನ ಕಾಗದ ಗಾಳಿಯನ್ನು ತಳ್ಳುವಂತೆಯೇ ಗಾಳಿಯಿಂದ ತಳ್ಳಿಸಿಕೊಂಡರೆ ವಿದ್ಯುತ್ ಹುಟ್ಟುತ್ತದೆ. ಅಗಲವಾದ ಕಾಗದಕ್ಕೆ ಮಂದ್ರ ಚೆನ್ನಾಗಿ ಸಿಗುತ್ತದೆ. ಮುಂದೆ 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್‌ನ ಹಲವು ಹಾಡುಗಳಿಗೆ, ಎಲ್ಲರೂ ಮನೆಗೆ ಹೋದ ಮೇಲೆ, ಮೆಕಾರ್ಟ್ನಿ ಬೇಸನ್ನು ಪ್ರತ್ಯೇಕ ಟ್ರ್ಯಾಕಿನಲ್ಲಿ ಕೊನೆಗೆ ನುಡಿಸಿದರು. ಹಾಡು ಪೂರ್ತಿ ಕಿವಿಯಲ್ಲಿರುವಾಗ ಬೇಸ್ ಕಟ್ಟುವುದು ಬೇರೆಯೇ ಸಂಗತಿ, ಅದು ಎರಡನೇ ಗಾಯನವಾಗಿಬಿಡುತ್ತದೆ. ತಮ್ಮ ಮೆಚ್ಚಿನ ಬೇಸ್ ಕೆಲಸ ಯಾರದೆಂದು ಕೇಳಿದವರಿಗೆ ಅವರು ಹೇಳುತ್ತ ಬಂದ ಹೆಸರುಗಳು ಎರಡು: ಜೇಮರ್ಸನ್, ಬ್ರಯನ್ ವಿಲ್ಸನ್. ಅಂದಹಾಗೆ ಮೆಕಾರ್ಟ್ನಿಗೆ ಸ್ವರಲಿಪಿ ಓದಲು ಬರುವುದಿಲ್ಲ. ಲಿಪಿ ಬೇಕೋ ಕಿವಿ ಸಾಕೋ ಎಂಬ ವಾದವನ್ನು ಬೇಸ್ ವಾದಕರು ಇನ್ನೂ ಮುಗಿಸಿಲ್ಲ. ಕೇ ಒಂದು ಕಡೆ, ಮೆಕಾರ್ಟ್ನಿ ಇನ್ನೊಂದು ಕಡೆ ಇರುವವರೆಗೆ ಮುಗಿಯುವುದೂ ಇಲ್ಲ.

ಇದೇ ಹೊತ್ತಿಗೆ ಬೇಸ್ ಹಿಂದಿನ ಸಾಲಿನಿಂದ ಮುಂದಕ್ಕೆ ಬರತೊಡಗಿತ್ತು. ದಿ ಹೂ ತಂಡದ ಜಾನ್ ಎಂಟ್‌ವಿಸಲ್ 1965ರ 'ಮೈ ಜನರೇಷನ್'ನಲ್ಲಿ ಬೇಸ್ ಒಂದನ್ನೇ ಬಿಡಿಯಾಗಿ ಮೆರೆಸಿದರು. ಲ್ಯಾರಿ ಗ್ರಹಾಂ ತಾಯಿಯ ತಂಡದಲ್ಲಿ ಡ್ರಮ್‌ನವನಿಲ್ಲದ ಕೊರತೆ ತುಂಬಲು ಹೆಬ್ಬೆರಳಿನಿಂದ ತಂತಿಯನ್ನು ಬಡಿದು, ತೋರುಬೆರಳಿನಿಂದ ಕಿತ್ತು ನುಡಿಸಿದ್ದೇ 'ಸ್ಲ್ಯಾಪ್' ಶೈಲಿಯಾಯಿತು. ಇದರ ಗೀಳು ಹಿಡಿದ ಹುಡುಗರಿಂದ ಗಿಟಾರ್ ಅಂಗಡಿಗಳವರು ಇಂದಿಗೂ ಬಳಲುತ್ತಿದ್ದಾರೆ.

ದೊಡ್ಡ ತಿರುವು ಜಾಕೊ ಪಾಸ್ಟೋರಿಯಸ್. 1951ರಲ್ಲಿ, ಫೆಂಡರ್ ಬೇಸ್ ಹುಟ್ಟಿದ ವರ್ಷವೇ ಹುಟ್ಟಿ, ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಬೆಳೆದವರು. 1962ರ ಫೆಂಡರ್ ಜಾಝ್ ಬೇಸ್ ಒಂದರ ಮೆಟ್ಟಿಲುಗಳನ್ನು ಕಿತ್ತು, ಸೀಳುಗಳಿಗೆ ಮರದ ಲಪ್ಪ ಮೆತ್ತಿ, ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಅದರ ಮೇಲೆ ಹರಿಸಿದರು. ಲಿಯೊ ಫೆಂಡರ್ ಯಾವ ಮೆಟ್ಟಿಲುಗಳಿಗಾಗಿ ತಮ್ಮ ಮೊದಲ ಬೇಸ್‌ಗೆ 'ಪ್ರಿಸಿಷನ್' ಎಂದು ಹೆಸರಿಟ್ಟರೋ ಅವೇ ಹೋದವು. ಬದಲಿಗೆ ಗಮಕ ಬಂತು. ಸ್ವರದಿಂದ ಸ್ವರಕ್ಕೆ ಜಾರಿ ನಿಂತಲ್ಲಿ ಕಂಪಿಸುವ, ಮೂಗಿನಲ್ಲಿ ಹಾಡಿದಂಥ ಆ ನಾದ 1976ರ ಅವರ ಮೊದಲ ಆಲ್ಬಮ್‌ನಲ್ಲಿ ಕೇಳಿಸಿತು. ಅದರ ಮೊದಲ ತುಣುಕು 'ಡೊನಾ ಲೀ' ಸ್ಯಾಕ್ಸೊಫೋನ್‌ಗೇ ಬೆವರಿಳಿಸುವಂಥದು, ಜಾಕೊ ಅದನ್ನು ಬೇಸ್‌ನಲ್ಲಿ ನುಡಿಸಿದರು. ಜೊತೆಗೆ ಒಂದು ಕಾಂಗಾ ಮಾತ್ರ. ಅದೇ ವರ್ಷ ಜೋನಿ ಮಿಚೆಲ್‌ರ 'ಹೆಜೀರಾ', ಮರುವರ್ಷ ವೆದರ್ ರಿಪೋರ್ಟ್ ತಂಡದ 'ಹೆವಿ ವೆದರ್'. 1985ರಲ್ಲಿ ಪಾಠದ ವಿಡಿಯೊ ಒಂದಕ್ಕೆ ಅವರನ್ನು ಮಾತನಾಡಿಸಿದವರು ಜೆರಿ ಜೆಮಾಟ್, ಬಾಲ್ಯದಲ್ಲಿ ಜಾಕೊ ಯಾರ ತಟ್ಟೆ ಕೇಳಿ ಕಲಿತಿದ್ದರೋ ಅವರೇ. ಮಾನಸಿಕ ಕಾಯಿಲೆ, ಕುಡಿತ ಎರಡೂ ಸೇರಿ ಅಷ್ಟರಲ್ಲಿ ಅವರನ್ನು ಬೀದಿಗೆ ತಂದಿದ್ದವು. 1987ರಲ್ಲಿ ಕ್ಲಬ್ಬೊಂದರ ಬಾಗಿಲಲ್ಲಿ ತಿಂದ ಪೆಟ್ಟಿನಿಂದ 35ನೇ ವಯಸ್ಸಿನಲ್ಲಿ ಸತ್ತರು.

ಭಾರತದ ಸಿನಿಮಾ ವಾದ್ಯವೃಂದಗಳಲ್ಲಿ ಮೊದಲು ಇದ್ದದ್ದು ಡಬಲ್ ಬೇಸ್. ಬಾಂಬೆಯಲ್ಲಿ ಅದನ್ನು ಹೆಚ್ಚಾಗಿ ಗೋವಾದ ಸಂಗೀತಗಾರರು ನುಡಿಸುತ್ತಿದ್ದರು. ಬೇಸ್ ಗಿಟಾರ್‌ಗೆ ಜಾಗ ಕೊಟ್ಟವರಲ್ಲಿ ಆರ್.ಡಿ. ಬರ್ಮನ್ ಮುಖ್ಯರು, ಅವರ ತಂಡದ ಟೋನಿ ವಾಝ್ ಈ ವೃತ್ತಿಯವರೆಲ್ಲ ನೆನೆಯುವ ಹೆಸರು. ಆದರೆ ಬೇಸ್ ಅನ್ನು ರಾಗದ ಮಟ್ಟಕ್ಕೆ ಏರಿಸಿದ್ದು ಮದ್ರಾಸು. ಕನ್ನಡದ 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ' ಚಿತ್ರಗಳಿಗೆ ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸುತ್ತ, ಸಹಾಯಕರಾಗಿ ದುಡಿಯುತ್ತ ಕಸುಬು ಕಲಿತ ಯುವಕನೇ ಇಳಯರಾಜ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಗಿಟಾರ್ ಪರೀಕ್ಷೆಯನ್ನೂ ಮುಗಿಸಿದ್ದ ಅವರಿಗೆ ಸ್ವರಗಳು ಅಡ್ಡಡ್ಡ ಸಾಗುವ ರಾಗದಷ್ಟೇ ಉದ್ದುದ್ದ ಸೇರುವ ಸ್ವರಮೇಳವೂ ಕೈವಶ. 1976ರಲ್ಲಿ 'ಅನ್ನಕಿಳಿ'ಯಿಂದ ಸ್ವತಂತ್ರರಾದ ಮೇಲೆ ಪ್ರತಿ ವಾದ್ಯಕ್ಕೂ ಸ್ವರಲಿಪಿ ಬರೆದು ಹಂಚಿದರು. ಬೇಸ್‌ನ ಹಾಳೆಯಲ್ಲಿ ಇರುತ್ತಿದ್ದದ್ದು ಪಲ್ಲವಿಗೆ ಉತ್ತರ ಕೊಡುವ ಇನ್ನೊಂದು ಪಲ್ಲವಿ. ಅದನ್ನು ಬಹುಕಾಲ ನುಡಿಸಿದವರು ಶಶಿಧರನ್.

ಕನ್ನಡಿಗರಿಗೆ ಇದರ ಹತ್ತಿರದ ಉದಾಹರಣೆ ಶಂಕರ್ ನಾಗ್ ನಿರ್ದೇಶಿಸಿದ 1981ರ 'ಗೀತಾ'. ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಹಾಡಿದ 'ಜೊತೆಯಲಿ' ಹಾಡನ್ನು ದೊಡ್ಡ ಸ್ಪೀಕರಿನಲ್ಲೋ ಒಳ್ಳೆಯ ಹೆಡ್‌ಫೋನಿನಲ್ಲೋ ಹಾಕಿ, ಗಾಯಕರ ದನಿಯನ್ನು ಒಂದು ಗಳಿಗೆ ಬದಿಗಿಟ್ಟು ಕೇಳಿದರೆ ಕೆಳಗೆ ಬೇಸ್ ತನ್ನ ಪಾಡಿಗೆ ಕುಣಿಯುತ್ತ ಸಾಗುವುದು ತಿಳಿಯುತ್ತದೆ. ಈ ಹಾಡಿನ ಧಾಟಿ ಮುಂದೆ ತಮಿಳಿಗೆ ಹೋಯಿತು, 2007ರಲ್ಲಿ ಹಿಂದಿಯ 'ಚೀನಿ ಕಮ್'ಗೂ ಹೋಯಿತು. 1983ರ 'ಪಲ್ಲವಿ ಅನುಪಲ್ಲವಿ'ಯಲ್ಲೂ ಕೇಳಲು ಬೇಕಾದಷ್ಟಿದೆ. ಆ ಕಾಲದ ಕನ್ನಡ ಹಾಡುಗಳು ಬಹುಪಾಲು ಮದ್ರಾಸಿನಲ್ಲೇ ಧ್ವನಿಮುದ್ರಣವಾಗುತ್ತಿದ್ದವು. ನಾಗ್ ಸೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು 1980ರ ದಶಕದಲ್ಲಿ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಗಾಯಕರು, ಸಾಹಿತ್ಯ ಬರೆದವರು, ಸಂಗೀತ ನಿರ್ದೇಶಕರ ಹೆಸರು ಇರುತ್ತಿತ್ತು, ವಾದ್ಯದವರದು ಕಾಣುವುದೇ ಅಪರೂಪ. ಎ.ಆರ್. ರೆಹಮಾನ್ ಆಲ್ಬಮ್‌ಗಳ ಒಳಹಾಳೆಯಲ್ಲಿ ವಾದಕರ ಹೆಸರು ಅಚ್ಚಾಗತೊಡಗಿದ ಮೇಲೆಯೇ ಕೀತ್ ಪೀಟರ್ಸ್ ಎಂಬ ಬೇಸ್ ವಾದಕರನ್ನು ಸಾಮಾನ್ಯ ಕೇಳುಗರೂ ಗುರುತಿಸುವಂತಾಯಿತು. 1996ರಲ್ಲಿ ಮುಂಬೈಯಲ್ಲಿ ಹುಟ್ಟಿ, ಬೇಸ್ ವಾದಕರಾದ ತಂದೆಯಿಂದಲೇ ಕಲಿತ ಮೋಹಿನಿ ಡೇ ಅವರ ಹೊತ್ತಿಗೆ ಬೇಸ್ ವಾದಕಿಯ ಹೆಸರಿಗೇ ಟಿಕೆಟ್ ಮಾರಾಟವಾಗುವ ಕಾಲ ಬಂದಿತ್ತು. ಬೆಂಗಳೂರಿನಲ್ಲಿ ಶಿಶುನಾಳ ಶರೀಫರನ್ನು ರಾಕ್ ವೇದಿಕೆಗೆ ತಂದ ರಘು ದೀಕ್ಷಿತ್ ತಂಡದ ಬೇಸ್ ಗೌರವ್ ವಾಝ್ ಅವರದಾಗಿತ್ತು, ಸ್ವರಾತ್ಮ ತಂಡದ್ದು ಜಿಷ್ಣು ದಾಸ್‌ಗುಪ್ತ ಅವರದು.

ವಾದ್ಯಗಳ ಗತಿ ವಾದಕರಿಗಿಂತ ವಿಚಿತ್ರ. ಮೆಕಾರ್ಟ್ನಿಯ 1961ರ ಹಾಫ್ನರ್ 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಗಿ, ಯಾರದೋ ಮನೆಯ ಅಟ್ಟದಲ್ಲಿ ಪತ್ತೆಯಾಗಿ ಅವರ ಕೈಸೇರಿದ ಸುದ್ದಿ 2024ರಲ್ಲಿ ಹೊರಬಿತ್ತು. ಜಾಕೊ ಅವರ ಮೆಟ್ಟಿಲಿಲ್ಲದ ಬೇಸ್ 1986ರಲ್ಲಿ ನ್ಯೂಯಾರ್ಕಿನ ಉದ್ಯಾನದ ಬೆಂಚಿನಿಂದ ಕಾಣೆಯಾಗಿ, ಇಪ್ಪತ್ತು ವರ್ಷದ ಮೇಲೆ ಸಿಕ್ಕಿತು; ಅದು ಯಾರಿಗೆ ಸೇರಬೇಕೆಂಬ ವ್ಯಾಜ್ಯ ಮೆಟಾಲಿಕಾ ತಂಡದ ಬೇಸ್ ವಾದಕ ರಾಬರ್ಟ್ ಟ್ರುಹಿಯೊ ನೆರವಿನಿಂದ ಬಗೆಹರಿಯಿತು. ಜೇಮರ್ಸನ್ ಅವರ ಫಂಕ್ ಮೆಷೀನ್ ಕಳುವಾದದ್ದು ಅವರು ಸಾಯುವ ಕೆಲವೇ ದಿನ ಮುಂಚೆ. ಅದು ಇನ್ನೂ ಸಿಕ್ಕಿಲ್ಲ.